ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಂದು ಬಜೆಟ್

ತರಬೇತಿ ನಡೆಸುವ ಸಂಸ್ಥೆಯವರು ಕೊಟ್ಟ ಹಾಳೆಯಲ್ಲಿ ಮೂರು ಅಂಕಣಗಳಿದ್ದವು: ಅಗತ್ಯ, ಆಸೆ, ಉಳಿತಾಯ. ಮೇಲೆ ದಪ್ಪಕ್ಷರದಲ್ಲಿ 'ತಿಂಗಳ ಒಂದನೇ ತಾರೀಖಿನ ಆದಾಯ' ಎಂದಿತ್ತು. ಕೆಳಗೆ ಜೋಡಿಗೆರೆಯ ನಡುವೆ ಮೊತ್ತ. ಸಹಕಾರಿ ಬ್ಯಾಂಕಿನ ಕೌಂಟರಿನ ಹಿಂದೆ ಕೂತೇ ತಲೆ ನೆರೆದು ನಿವೃತ್ತಳಾದ ನನಗೆ ಅಂಥ ಹಾಳೆ ಕಂಡರೆ ಒಂದು ಬಗೆಯ ಪ್ರೀತಿ. ಮೊತ್ತ ತಾಳೆಯಾದರೆ ಎಲ್ಲವೂ ಸರಿಯಾಗಿದೆ ಎಂದು ನಂಬಿಕೊಂಡು ಬಂದವಳು ನಾನು. ಹಾಗಾಗಿ ಆ ಹಾಳೆಯನ್ನು ಪ್ರಶ್ನಿಸಬೇಕೆಂದು ನನಗೆ ಹೊಳೆಯಲೇ ಇಲ್ಲ.

ಕೆಲಸ ಇಷ್ಟು. ಸಂಡೂರಿನಲ್ಲಿ ದ್ವಿತೀಯ ಪಿಯು ಪರೀಕ್ಷೆ ಬರೆದು ಕೂತಿದ್ದ ಇಪ್ಪತ್ತೆರಡು ಹುಡುಗ ಹುಡುಗಿಯರಿಗೆ ಹಣ ನಿಭಾಯಿಸುವುದನ್ನೂ ತಿಂಗಳ ಬಜೆಟ್ ಹಾಕುವುದನ್ನೂ ಕಲಿಸಬೇಕು. ಏಪ್ರಿಲ್‌ನಿಂದ ಹನ್ನೆರಡು ಶನಿವಾರ, ಬೆಳಿಗ್ಗೆ ಹತ್ತರಿಂದ ಒಂದರವರೆಗೆ, ರಜೆಯಲ್ಲಿ ಖಾಲಿ ಬಿದ್ದಿದ್ದ ಕಾಲೇಜಿನ ಒಂದು ಕೋಣೆಯಲ್ಲಿ. ಇಲ್ಲಿ ಚೆನ್ನಾಗಿ ನಡೆದರೆ ಮುಂದೆ ಕಂಪ್ಲಿ, ಆಮೇಲೆ ಹಂಪಿ ಸುತ್ತಿನ ಊರುಗಳು ಎಂದು ಸಂಸ್ಥೆಯವರು ಹೇಳಿದ್ದರು. ನಾನು ಹೊಸಪೇಟೆಯಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಅದಿರಿನ ಲಾರಿಗಳ ಹಿಂದೆ ಗುಡ್ಡ ಹತ್ತುವ ಆ ದಾರಿಗೆ ತಿಳಿಬಣ್ಣದ ಸೀರೆ ಉಡುವುದನ್ನು ಎರಡನೇ ವಾರಕ್ಕೇ ಬಿಟ್ಟುಬಿಟ್ಟೆ.

ಮೊದಲ ಎರಡು ವಾರ ನಾನು ಹಾಳೆ ಮುಟ್ಟಿಸಲಿಲ್ಲ. ಎಲ್ಲರಿಗೂ ಒಂದೊಂದು ಸಣ್ಣ ನೋಟುಬುಕ್ ಕೊಟ್ಟು, ದಿನದಲ್ಲಿ ಕೈಬಿಟ್ಟ ಪ್ರತಿ ರೂಪಾಯಿಯನ್ನೂ ಅದು ಕೈಬಿಟ್ಟ ಗಳಿಗೆಯಲ್ಲೇ ಬರೆಯಬೇಕು ಎಂದೆ. ಸಂಜೆ ಕೂತು ನೆನಪಿಸಿಕೊಂಡು ಬರೆದರೆ ಮೂರರಲ್ಲಿ ಒಂದು ಮರೆತಿರುತ್ತದೆ, ಮರೆತದ್ದು ಸಾಮಾನ್ಯವಾಗಿ ನಾಚಿಕೆಯ ಖರ್ಚೇ ಆಗಿರುತ್ತದೆ. ಮರು ಶನಿವಾರ ಅರ್ಧ ಮಂದಿಯ ಪುಸ್ತಕ ಖಾಲಿ ಬಂತು. ಫೋನಿನಲ್ಲೇ ಕಳಿಸುತ್ತೇವೆ, ಕೈಯಲ್ಲಿ ರೊಕ್ಕ ಇರುವುದೇ ಇಲ್ಲ ಎಂದರು. ಫೋನ್ ತೆಗೆಸಿ, ಅದರಲ್ಲಿದ್ದ ಪಾವತಿಗಳ ಪಟ್ಟಿಯನ್ನೇ ನಕಲು ಮಾಡಿಸಿದೆ. ಗೋಬಿ, ರೀಚಾರ್ಜ್, ಗೋಬಿ, ಪೆಟ್ರೋಲು, ಗೋಬಿ. ಒಬ್ಬ ಹುಡುಗ ಒಂದು ವಾರದಲ್ಲಿ ಗೋಬಿಗೆ ಸುರಿದದ್ದನ್ನು ತಾನೇ ಕೂಡಿ ನೋಡಿ, "ಇಷ್ಟಾ?" ಎಂದು ಬಾಯಿಬಿಟ್ಟ. ನನಗೆ ಒಳಗೊಳಗೆ ಖುಷಿಯಾಯಿತು. ಪಾಠ ಹತ್ತುತ್ತಿದೆ ಅಂದುಕೊಂಡೆ.

ಮೂರನೇ ವಾರ ಅಗತ್ಯ ಮತ್ತು ಆಸೆಗಳ ವಿಂಗಡಣೆ. ಇದರಲ್ಲಿ ಜಗಳವಾಗುತ್ತದೆ ಎಂದು ಗೊತ್ತಿತ್ತು, ಆಯಿತು. ಮಿರ್ಚಿ ಮಂಡಕ್ಕಿ ಯಾವ ಅಂಕಣಕ್ಕೆ ಎನ್ನುವುದರ ಮೇಲೆ ಇಪ್ಪತ್ತು ನಿಮಿಷ ಹೋಯಿತು.

"ಅದು ಅಗತ್ಯನ ರೀ ಮೇಡಂ. ಮಿರ್ಚಿ ಇಲ್ದ ಸಂಜಿ ಹೆಂಗ ಕಳೀಬೇಕು?" ಎಂದ ಗೋಬಿಯ ಹುಡುಗ.

ನಾನೊಂದು ಸೂತ್ರ ಕೊಟ್ಟೆ: ಒಂದು ತಿಂಗಳು ಆ ಖರ್ಚು ನಿಲ್ಲಿಸಿದರೆ ಮನೆಯಲ್ಲಿ ಯಾರಿಗಾದರೂ ಹಸಿವಾಗುತ್ತದೆಯೇ, ಜಡ್ಡಾಗುತ್ತದೆಯೇ, ಓದು ನಿಲ್ಲುತ್ತದೆಯೇ? ಇಲ್ಲವಾದರೆ ಅದು ಆಸೆ. ಸೂತ್ರ ಸರಳವಾಗಿತ್ತು. ಮಕ್ಕಳು ಅದನ್ನು ಕತ್ತರಿಯಂತೆ ಹಿಡಿದುಕೊಂಡು ಸಿಕ್ಕಿದ್ದನ್ನೆಲ್ಲ ಕತ್ತರಿಸತೊಡಗಿದರು.

ನಾಲ್ಕನೇ ವಾರ ಮನೆಯ ಬಜೆಟ್ಟಿಗೆ ಬಂದೆವು. ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆವು. ಒಂದನೇ ತಾರೀಖು ಆದಾಯ ಬರುತ್ತಿದ್ದದ್ದು ದೋಣಿಮಲೈ ಗಣಿ ಕಂಪನಿಯ ಕ್ವಾರ್ಟರ್ಸಿನಿಂದ ಬರುತ್ತಿದ್ದ ಒಬ್ಬ ಹುಡುಗನ ಮನೆಗೆ ಮಾತ್ರ. ಅವನ ಹಾಳೆ ಹತ್ತೇ ನಿಮಿಷದಲ್ಲಿ ತಾಳೆಯಾಯಿತು. ಅವನು ಕೈಕಟ್ಟಿ ಕೂತು ಕಿಟಕಿಯಾಚೆ ನೋಡತೊಡಗಿದ. ಉಳಿದವರಲ್ಲಿ ಕೆಲವರಿಗೆ ವಾರದ ಬಟವಾಡೆ, ಕೆಲವರಿಗೆ ಬೆಳೆ ಬಂದಾಗ. ಲಾರಿ ಹೊಡೆಯುವವರ ಮನೆಯ ಏಳು ಮಕ್ಕಳು ಒಂದೇ ಮಾತು ಹೇಳಿದರು: ಅಮಾವಾಸ್ಯೆಗೆ.

ಅಲ್ಲಿಯೇ ನಾನು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ವರ್ಷದ ಆದಾಯ ಕೂಡಿಸಿ ಹನ್ನೆರಡರಿಂದ ಭಾಗಿಸಿ, ಒಂದನೇ ತಾರೀಖಿಗೆ ಅಷ್ಟು ಬಂತು ಎಂದು ಬರೆಯಿರಿ ಎಂದೆ. ಇದಕ್ಕೆ ಸರಾಸರಿ ಎನ್ನುತ್ತಾರೆ ಎಂದು ವಿವರಿಸಿದೆ. ಮಕ್ಕಳು ಭಾಗಿಸಿದರು. ಆರನೇ ವಾರದ ಹೊತ್ತಿಗೆ ಹಾಳೆಗಳು ತುಂಬಿದವು.

ತುಂಬಿದ ಹಾಳೆಗಳಲ್ಲಿ ಎಲ್ಲಕ್ಕಿಂತ ಅಚ್ಚುಕಟ್ಟಾದದ್ದು ಮುಂದಿನ ಬೆಂಚಿನ ಒಬ್ಬ ಹುಡುಗಿಯದು. ಅಪ್ಪ ಅದಿರಿನ ಲಾರಿಯ ಡ್ರೈವರ್, ಅವ್ವ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ, ಒಬ್ಬ ತಮ್ಮ. ಅವಳಿಗೆ ಹೊಸಪೇಟೆಯಲ್ಲಿ ನರ್ಸಿಂಗ್ ಸೇರಬೇಕಿತ್ತು. ವರ್ಷಕ್ಕೆ ಅರವತ್ತು ಸಾವಿರ; ಮೂವತ್ತು ಜುಲೈ ಕೊನೆಯೊಳಗೆ, ಮೂವತ್ತು ಜನವರಿಗೆ. ಅಪ್ಪ ಬೇಡ ಎಂದಿರಲಿಲ್ಲ. ರೊಕ್ಕ ಎಲ್ಲೈತಿ ಎಂದಿದ್ದ, ಅಷ್ಟೇ. ನನ್ನ ತರಗತಿಗೆ ಅವಳು ಸೇರಿದ್ದೇ ಅದಕ್ಕೆ ಉತ್ತರ ಹುಡುಕಲು.

"ಈ ಹಾಳಿ ಸರಿ ಹೊಂದಿದ್ರ ನಮ್ಮಪ್ಪ ಹ್ಞೂಂ ಅಂತಾನ್ರಿ ಮೇಡಂ. ಅಂವಗ ನಾ ಓದೂದು ಬ್ಯಾಡಂತೇನಿಲ್ಲ," ಎಂದಿದ್ದಳು.

ಅವಳ ಲೆಕ್ಕ ಈಗಲೂ ನನಗೆ ಬಾಯಿಪಾಠ. ಅಪ್ಪನ ಪಗಾರ ಹದಿನೆಂಟು ಸಾವಿರ, ಟ್ರಿಪ್ಪಿನ ಮೇಲೆ ಸಿಗುವ ಭತ್ಯೆ, ಅವರ ಮಾತಿನಲ್ಲಿ ಬತ್ತ, ಹೆಚ್ಚುಕಡಿಮೆ ಏಳು ಸಾವಿರ, ಅವ್ವನ ಹೊಲಿಗೆ ಎರಡು ಸಾವಿರ. ಅಗತ್ಯಕ್ಕೆ ಇಪ್ಪತ್ತೆರಡು ಸಾವಿರದ ನಾಲ್ಕು ನೂರು. ಆಸೆಗೆ ಮೂರು ಸಾವಿರದ ನೂರು: ಅದರಲ್ಲಿ ಅಮಾವಾಸ್ಯೆಯ ಲಾರಿ ಪೂಜೆಗೆ ಸಾವಿರದ ನಾಲ್ಕು ನೂರು, ಲೋಡಿಂಗ್ ಜಾಗದಲ್ಲಿ ಅಪ್ಪ ಕುಡಿಸುವ ಚಹಾ ಟಿಫಿನ್ನಿಗೆ ಒಂಬೈನೂರು, ಅಪ್ಪನ ಫೋನಿಗೆ ಮುನ್ನೂರು, ಭಾನುವಾರದ ಕೋಳಿಗೆ ಐನೂರು. ಉಳಿತಾಯ ಸಾವಿರದ ಐನೂರು. ಆಸೆಯನ್ನು ಪೂರ್ತಿ ತೆಗೆದರೆ ತಿಂಗಳಿಗೆ ಉಳಿಯುವುದು ನಾಲ್ಕು ಸಾವಿರದ ಆರುನೂರು. ಮೇ, ಜೂನ್, ಜುಲೈ ಮೂರು ತಿಂಗಳದ್ದನ್ನು ಅವ್ವನ ಸಂಘದಲ್ಲಿದ್ದ ಹದಿನಾರು ಸಾವಿರದ ಐನೂರಕ್ಕೆ ಸೇರಿಸಿದರೆ ಮೂವತ್ತು ಸಾವಿರದ ಮುನ್ನೂರು. ಫೀ ಕಟ್ಟಿ ಮುನ್ನೂರು ಮಿಕ್ಕುತ್ತಿತ್ತು.

ನಾನು ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಸರಿ ಗುರುತು ಹಾಕಿ, ಕೆಳಗೆ 'ಮನೆಯವರಿಗೆ ತೋರಿಸು' ಎಂದು ಬರೆದುಕೊಟ್ಟೆ. ಅವತ್ತು ಬಸ್ಸಿನಲ್ಲಿ ಸೀಟು ಸಿಗದೆ ಹೊಸಪೇಟೆಯವರೆಗೆ ನಿಂತೇ ಬಂದೆ, ದಣಿವಾಗಲಿಲ್ಲ. ಒಂದು ಹಾಳೆಯಿಂದ ಒಬ್ಬ ಹುಡುಗಿ ನರ್ಸ್ ಆಗುತ್ತಾಳೆ ಎಂದು ದಾರಿಯುದ್ದಕ್ಕೂ ಬೀಗಿದ್ದೆ.

ಮುಂದಿನ ಎರಡು ಶನಿವಾರ ಅವಳು ಬರಲಿಲ್ಲ.

ಮೊದಲ ಸಲ ಜ್ವರ ಇರಬಹುದು ಎಂದುಕೊಂಡೆ. ಎರಡನೇ ಸಲ ಗೋಬಿಯ ಹುಡುಗನನ್ನು ಕೇಳಿದೆ. ಅವನದೂ ಅದೇ ಓಣಿ. ಅವನು ಒಂದು ಗಳಿಗೆ ಹಿಂದೆಮುಂದೆ ನೋಡಿ, "ಅವರಪ್ಪ ಮನ್ಯಾಗ ಅದಾನ್ರಿ. ಗಾಡಿ ಮ್ಯಾಲಿಂದ ಇಳಿಸ್ಯಾರ," ಎಂದ. ಯಾಕೆ ಎಂದರೆ, "ನಿಮ್ಮ ಹಾಳಿ ಓದಿ ಪೂಜಿ ಬಿಟ್ಟನಂತ್ರಿ," ಎಂದು ನೆಲ ನೋಡಿದ.

ತರಗತಿ ಮುಗಿಸಿ ಅವರ ಮನೆ ಕೇಳಿಕೊಂಡು ಹೋದೆ. ಶೀಟಿನ ಮನೆ, ಬಾಗಿಲ ಬಳಿಯೇ ಹೊಲಿಗೆ ಯಂತ್ರ. ಹುಡುಗಿ ನನ್ನನ್ನು ನೋಡಿ ಒಳಗೆ ಹೋದಳು. ಅವಳ ಅಪ್ಪ ಹೊರಗೆ ಬಂದ. ನಲವತ್ತೈದರ ಸುಮಾರಿನ ತೆಳ್ಳಗಿನ ಮನುಷ್ಯ. ಬೈಸಿಕೊಳ್ಳಲು ನಾನು ಸಿದ್ಧಳಾಗಿಯೇ ಹೋಗಿದ್ದೆ. ಆತ ಬೈಯಲಿಲ್ಲ.

"ಬರ್ರಿ ಮೇಡಂ, ಕುಂದ್ರಿ. ಬಿಸಲಾಗ ಬಂದೀರಿ, ನೀರು ಕುಡೀರಿ ಮದ್ಲ."

ನೀರು ಕುಡಿದು, ಏನಾಯಿತೆಂದು ಕೇಳಿದೆ.

"ಏನಿಲ್ರಿ. ನಾ ಏಳನೇ ಕ್ಲಾಸು. ಮಗಳು ಇಷ್ಟು ಓದ್ಯಾಳ, ನೀವು ಕೆಂಪು ಇಂಕಿನಾಗ ಸರಿ ಅಂತ ಬರದೀರಿ. ಇಬ್ರೂ ಕೂಡಿ ಹಾಕಿದ ಲೆಕ್ಕ ತಪ್ಪ್ಯಾಕ ಆಗ್ತೈತಿ ಅಂತ, ಈ ಅಮಾಸಿಗೆ ಗಾಡಿ ಪೂಜಿ ಮಾಡ್ಲಿಲ್ಲ. ಸಾವಿರದ ನಾಕ್ನೂರು ತಂದು ಅಕಿ ಕೈಯಾಗ ಕೊಟ್ಟೆ."

ಅಷ್ಟು ಹೇಳಿ ಆತ ನಕ್ಕ. ಆಮೇಲೆ ನಡೆದದ್ದನ್ನು ಬೇರೆ ಯಾರದೋ ವಿಷಯವೆಂಬಂತೆ ಹೇಳಿದ. ಇಲ್ಲಿ ಅಮಾವಾಸ್ಯೆಯ ಬೆಳಿಗ್ಗೆ ಲಾರಿಗಳೆಲ್ಲ ನಿಲ್ಲುತ್ತವೆ. ಪ್ರತಿ ಡ್ರೈವರ್ ತನ್ನ ಗಾಡಿ ತೊಳೆದು, ತನ್ನ ರೊಕ್ಕದಲ್ಲೇ ಹೂವು, ಕಾಯಿ, ಕುಂಬಳಕಾಯಿ ತಂದು ಪೂಜೆ ಮಾಡಿ, ನಾಲ್ಕು ಜನಕ್ಕೆ ತಿನ್ನಿಸುತ್ತಾನೆ. ಗಾಡಿ ಮಾಲೀಕರದಾದರೂ ಪೂಜೆ ಡ್ರೈವರನದು. ಡ್ರೈವರ್ ಪೂಜೆ ಮಾಡಲಿಲ್ಲವೆಂದರೆ ಅದಕ್ಕೆ ಒಂದೇ ಅರ್ಥ: ಅವನು ಈ ಗಾಡಿ ಬಿಡುತ್ತಿದ್ದಾನೆ, ಬೇರೆ ಮಾಲೀಕನ ಹತ್ತಿರ ಮಾತಾಗಿದೆ. ಬಾಯಿಬಿಟ್ಟು ಹೇಳುವ ರೂಢಿಯಿಲ್ಲ, ಹೂವಿಲ್ಲದ ಗಾಡಿಯೇ ಹೇಳುತ್ತದೆ. ಮಾಲೀಕ ಬಂದು ನೋಡಿದ, ಏನೂ ಕೇಳಲಿಲ್ಲ, ಮರುದಿನ ಕೀಲಿಯನ್ನು ಬೇರೆಯವನ ಕೈಗೆ ಕೊಟ್ಟ.

"ನೀವು ಹೋಗಿ ಹೇಳ್ಬೇಕಿತ್ತಲ್ಲ?" ಎಂದೆ.

"ಏನಂತ ಹೇಳ್ಲಿ? ಮಗಳ ಫೀಜಿಗೆ ಉಳಿಸಾಕ ದೇವ್ರ ಕಾಯಿ ಬಿಟ್ಟೀನಿ ಅಂತನಾ? ನಾಚಿಕಿ ಬರೂದಿಲ್ಲೇನ್ರಿ?" ಎಂದ. ಅವತ್ತು ಆತನ ದನಿ ಏರಿದ್ದು ಆ ಒಂದು ಮಾತಿನಲ್ಲಿ ಮಾತ್ರ.

ಎರಡು ದಿನದ ಹಿಂದೆ ಮಾಲೀಕನಿಗೆ ಬೇರೆ ಯಾರಿಂದಲೋ ವಿಷಯ ತಿಳಿದು ಫೋನ್ ಬಂದಿತ್ತಂತೆ. ಹಳೆಯ ಮನುಷ್ಯ ಎಂದು ಪಗಾರ ಹಿಡಿಯುವುದಿಲ್ಲ, ಸೋಮವಾರದಿಂದ ಗಾಡಿ ಹತ್ತು ಎಂದಿದ್ದ. ಆದರೆ ಭಾನುವಾರವೂ ಸೇರಿ ಒಂಬತ್ತು ದಿನದ ಬತ್ತ ಎರಡು ಸಾವಿರದ ನೂರು ಹೋಯಿತು. ಜೊತೆಗೆ, ತಪ್ಪಿದ ಪೂಜೆಗೆ ಬದಲಾಗಿ ಶುಕ್ರವಾರ ಎರಡು ಕಾಯಿ ಹೆಚ್ಚಿಗೆ ಒಡೆದು ಸಾವಿರದ ಏಳುನೂರು ಖರ್ಚಾಗಿತ್ತು. ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು. ನರ್ಸಿಂಗಿನ ಮಾತು ಆ ಮನೆಯಲ್ಲಿ ನಿಂತುಹೋಗಿತ್ತು. ಅಪ್ಪ ನಿಲ್ಲಿಸಿರಲಿಲ್ಲ, ಅವಳೇ ನಿಲ್ಲಿಸಿದ್ದಳು.

ನಾನು ಆತನ ಮುಂದೆ ಕ್ಷಮೆ ಕೇಳಿದೆ. "ತಪ್ಪು ನಿಮ್ಮ ಮಗಳದ್ದಲ್ಲ, ನನ್ನದು. ಅವಳು ನಾನು ಕೊಟ್ಟ ಸೂತ್ರ ಹಾಕಿದಳು," ಎಂದೆ. ಆತ, "ಹೋಗ್ಲಿ ಬಿಡ್ರಿ," ಎಂದ. ಹೀಗೆ ಸುಲಭವಾಗಿ ಬಿಟ್ಟದ್ದೇ ನನ್ನನ್ನು ಹೆಚ್ಚು ಚುಚ್ಚಿತು. ಬ್ಯಾಂಕಿನಲ್ಲಿ ನನ್ನ ತಪ್ಪಿಗೆ ನನ್ನ ಸಂಬಳದಿಂದ ಕಡಿತವಾಗುತ್ತಿತ್ತು. ಇಲ್ಲಿ ನನ್ನ ತಪ್ಪಿಗೆ ಇನ್ನೊಬ್ಬರ ಬತ್ತ ಹೋಗಿತ್ತು.

ಹೊರಡುವಾಗ ಒಂದೇ ಪ್ರಶ್ನೆ ಕೇಳಿದೆ: ಚಹಾ ಟಿಫಿನ್ನಿನ ಒಂಬೈನೂರು ಯಾರಿಗೆ?

"ಲೋಡಿಂಗಿನಾಗ ಸಾಲು ಹಚ್ಚೋರು ಇರ್ತಾರಲ್ರಿ, ಅವರ ಜೋಡಿ ಕುಂತು ಚಾ ಕುಡೀಬೇಕು. ಲಂಚ ಅಲ್ಲ ಮತ್ತ. ಮಾತಿಗೆ. ಯಾವ ಕಡಿ ಲೋಡು ಐತಿ, ಯಾವ ರಸ್ತಾ ಬಂದ್ ಐತಿ, ಅಲ್ಲೇ ಗೊತ್ತಾಗೂದು. ಫೋನೂ ಅದಕ್ಕ. ಟ್ರಿಪ್ಪಿಗೆ ಕರೆಯೂದು ಫೋನಿನಾಗ. ಫೋನ್ ಬಂದ್ ಮಾಡಿ ಟ್ರಿಪ್ ಎಲ್ಲಿಂದ ಹುಡುಕ್ಲಿ?"

ಅವಳು ಆಸೆ ಎಂದು ಬರೆದ ಮೂರು ಸಾವಿರದ ನೂರರಲ್ಲಿ ಎರಡು ಸಾವಿರದ ಆರುನೂರು ಆಸೆಯೇ ಆಗಿರಲಿಲ್ಲ. ನಾಳೆ ಮತ್ತೆ ಕೆಲಸಕ್ಕೆ ಕರೆಯಲಿ ಎಂದು ಇವತ್ತು ಮಾಡಬೇಕಾದ ಖರ್ಚು ಅದು. ಅಂಗಡಿಯವನ ಲೆಕ್ಕದಲ್ಲಿ ಅಂಥದ್ದನ್ನು ನಾನು ಜೀವಮಾನವಿಡೀ ವ್ಯಾಪಾರದ ಖರ್ಚು ಎಂದು ಒಪ್ಪಿದ್ದೇನೆ. ಡ್ರೈವರನ ಮನೆಗೆ ಬಂದಾಗ ಅದನ್ನೇ ಆಸೆ ಎಂದು ಕರೆದೆ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಯೋಚಿಸಿದಾಗ ಇದು ಹೊಳೆಯಿತು, ಮತ್ತು ನನ್ನ ಮೇಲೆ ನನಗೇ ಸಿಟ್ಟು ಬಂತು.

ಉಳಿದಿದ್ದದ್ದು ನಾಲ್ಕು ಶನಿವಾರ. ಸಂಸ್ಥೆಯ ಪುಸ್ತಕದ ಪ್ರಕಾರ ಅವು ಬಡ್ಡಿ, ವಿಮೆ, ಹೂಡಿಕೆ, ಮತ್ತು ಸಮಾರೋಪ. ನಾನು ಪುಸ್ತಕವನ್ನು ಚೀಲದಲ್ಲೇ ಇಟ್ಟೆ. ತರಗತಿಯ ಮುಂದೆ ನಿಂತು, ಮೂರನೇ ವಾರ ನಾನು ಕೊಟ್ಟ ಸೂತ್ರ ತಪ್ಪು, ಅದರಿಂದ ಒಂದು ಮನೆಗೆ ನಷ್ಟವಾಗಿದೆ, ಎಲ್ಲ ಹಾಳೆಗಳನ್ನೂ ಹೊಸದಾಗಿ ಮಾಡಬೇಕು ಎಂದೆ. ಆ ಹುಡುಗಿ ಅವತ್ತು ಬಂದಿದ್ದಳು, ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಹೆಸರು ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು.

ಹೊಸ ಹಾಳೆಯನ್ನು ನಾವೇ ಅಳತೆಪಟ್ಟಿ ಇಟ್ಟು ಗೆರೆ ಎಳೆದುಕೊಂಡೆವು. ಮೊದಲ ಸಾಲು ಖಾಲಿ: ಯಾರ ಮನೆಗೆ ಯಾವಾಗ ಹಣ ಬರುತ್ತದೋ ತಿಂಗಳು ಅಲ್ಲಿಂದ ಶುರು. ಲಾರಿಯವರ ಮಕ್ಕಳದು ಅಮಾವಾಸ್ಯೆಯಿಂದ ಅಮಾವಾಸ್ಯೆಗೆ. ಕರೆಂಟು ಬಿಲ್ಲು, ಸಂಘದ ಕಂತು ತಾರೀಖಿನ ಪ್ರಕಾರ ಬರುವುದರಿಂದ, ಅಮಾವಾಸ್ಯೆಯ ಹಣದಲ್ಲಿ ಅವುಗಳ ಪಾಲನ್ನು ಮೊದಲೇ ಬೇರೆ ಡಬ್ಬಿಗೆ ಹಾಕಬೇಕು. ಅಂಕಣಗಳು ಮೂರರ ಬದಲು ನಾಲ್ಕು. ಮೊದಲನೆಯದಕ್ಕೆ ಮಕ್ಕಳೇ 'ದುಡಿಯೋ ಖರ್ಚು' ಎಂದು ಹೆಸರಿಟ್ಟರು. ಅದನ್ನು ತುಂಬಲು ನಾನು ಒಂದು ಕೆಲಸ ಹಚ್ಚಿದೆ: ಮನೆಯಲ್ಲಿ ದುಡಿಯುವವರು ಎಲ್ಲಿ ದುಡಿಯುತ್ತಾರೋ ಅಲ್ಲಿಗೆ ಹೋಗಿ, ಅರ್ಧ ದಿನ ನಿಂತು ನೋಡಿ, 'ನಾಳೆ ಮತ್ತೆ ಕರೀಲಿ ಅಂತ ಏನೇನು ಖರ್ಚು ಮಾಡ್ತೀರಿ' ಎಂದು ಕೇಳಿ ಬರೆದುಕೊಂಡು ಬರಬೇಕು.

ಬಂದ ಉತ್ತರಗಳು ನನ್ನ ಪುಸ್ತಕದಲ್ಲಿ ಇರಲಿಲ್ಲ. ಒಬ್ಬಳ ಅವ್ವ ಮಲಪನಗುಡಿ ಕಡೆ ಬಾಳೆತೋಟದ ಕೂಲಿಗೆ ಹೋಗುತ್ತಿದ್ದಳು. ಗುಂಪು ಕಟ್ಟುವ ಹೆಂಗಸಿನ ಮಗಳ ಸೀಮಂತಕ್ಕೆ ಆಕೆ ಕೊಟ್ಟ ಕುಪ್ಪಸದ ಬಟ್ಟೆ ಈ ಅಂಕಣಕ್ಕೆ ಬಂತು. ದೋಣಿಮಲೈ ಹುಡುಗ ಮಾತ್ರ ಏನೂ ಸಿಗದೆ ಪೆಚ್ಚಾಗಿದ್ದ. ಕೊನೆಗೆ ಅಪ್ಪನ ಇಸ್ತ್ರಿ ಖರ್ಚು ಬರೆದು ಸಮಾಧಾನಪಟ್ಟ.

ಜೂನ್ ಅಮಾವಾಸ್ಯೆಗೆ ನಾನೂ ಹೋದೆ. ಊರ ಹೊರಗೆ ಟೈರಿನ ಅಂಗಡಿಯ ಪಕ್ಕದ ಬಯಲಲ್ಲಿ ಹತ್ತು ಹನ್ನೆರಡು ಲಾರಿಗಳು ಸಾಲಾಗಿ ನಿಂತಿದ್ದವು, ತೊಳೆದು, ಚೆಂಡುಹೂವು ಹಾಕಿಸಿಕೊಂಡು. ಟೈರಿಗೊಂದು ನಿಂಬೆಹಣ್ಣು. ಒಡೆದ ಕುಂಬಳಕಾಯಿಯ ಕುಂಕುಮ ಯಾವುದು, ನೆಲದ ಕೆಂಪು ಯಾವುದು ತಿಳಿಯುತ್ತಿರಲಿಲ್ಲ. ಹುಡುಗಿಯ ಅಪ್ಪ ತನ್ನ ಗಾಡಿಗೆ ಆರತಿ ಎತ್ತಿದ. ಮಾಲೀಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ತೂಕದ ಕಟ್ಟೆಯ ಗುಮಾಸ್ತ, ಮೆಕ್ಯಾನಿಕ್, ಟೈರಿನವನು ಎಲ್ಲರೂ ಪೇಪರಿನಲ್ಲಿ ಮಂಡಕ್ಕಿ ಹಿಡಿದು ನಿಂತಿದ್ದರು. ಪಗಾರ ಕೊಟ್ಟದ್ದು ಅಲ್ಲೇ. ಮುಂದಿನ ಹದಿನೈದು ದಿನ ಯಾವ ಗಾಡಿ ಯಾವ ಕಡೆ ಎಂದು ಗೊತ್ತಾದದ್ದೂ ಅಲ್ಲೇ, ಮಿರ್ಚಿ ಕಚ್ಚುತ್ತ. ಹೋದ ತಿಂಗಳು ಈತ ಇಲ್ಲಿ ಇಲ್ಲದೆ ಏನೇನು ಕಳೆದುಕೊಂಡ ಎಂದು ಕಣ್ಣಾರೆ ನೋಡಿದೆ.

ಮಾಲೀಕ ಪಕ್ಕದವನನ್ನು ಕೇಳಿ ನಾನು ಯಾರೆಂದು ತಿಳಿದುಕೊಂಡ. "ನೀವೇನ್ರಿ, ನಮ್ಮ ಡ್ರೈವರ್ ಕೈಲೆ ಪೂಜಿ ಬಿಡಿಸಿದ ಮೇಡಂ?" ಎಂದ. ಬಯಲಿಗೆ ಬಯಲೇ ನಕ್ಕಿತು. ನಾನೂ ನಕ್ಕು ಕೊಟ್ಟ ಮಿರ್ಚಿ ತಿಂದೆ. ಕೆನ್ನೆ ಬಿಸಿಯಾದದ್ದು ಮಿರ್ಚಿಯಿಂದಲ್ಲ.

ಆ ವಾರವೇ ಸಂಸ್ಥೆಯ ಸಂಯೋಜಕ ಫೋನ್ ಮಾಡಿದ. ವರದಿಗೆ ಸರಾಸರಿ ಉಳಿತಾಯ ಬೇಕಿತ್ತು. ಹಳೆಯ ಹಾಳೆಗಳಲ್ಲಿ ಅದು ನೋಡಲು ಚೆಂದವಿತ್ತು, ಹೊಸದರಲ್ಲಿ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಕೆಲವು ಮನೆಗಳಲ್ಲಿ ಉಳಿತಾಯವೇ ಇರಲಿಲ್ಲ.

"ಹಳೇದನ್ನೇ ಕಳಿಸಿಬಿಡಿ ಮೇಡಂ. ಇದನ್ನು ಕಳಿಸಿದರೆ ತರಬೇತಿಯಿಂದ ಉಳಿತಾಯ ಕಡಿಮೆಯಾಯಿತು ಅಂತ ಓದ್ತಾರೆ," ಎಂದ.

ಹೊಸದನ್ನೇ ಕಳಿಸಿದೆ. ಕಂಪ್ಲಿಯ ತರಗತಿಯ ಬಗ್ಗೆ ಆಮೇಲೆ ನೋಡೋಣ ಎಂದು ಆತ ಫೋನ್ ಇಟ್ಟ. ಆ 'ಆಮೇಲೆ' ಇನ್ನೂ ಬಂದಿಲ್ಲ.

ಕೊನೆಯ ಶನಿವಾರಕ್ಕೆ ಮೊದಲು ಹುಡುಗಿ ತನ್ನ ಹೊಸ ಹಾಳೆ ತೋರಿಸಿದಳು. ದುಡಿಯೋ ಖರ್ಚು ಎರಡು ಸಾವಿರದ ಆರುನೂರು. ಅಗತ್ಯ ಮೊದಲಿನಷ್ಟೇ. ಕೋಳಿಯ ಐನೂರನ್ನು ಬಿಟ್ಟರೆ ತಿಂಗಳಿಗೆ ಉಳಿಯುವುದು ಎರಡು ಸಾವಿರ. ಬತ್ತ ಹೋದ, ಕೋಳಿಯನ್ನೂ ಬಿಟ್ಟಿರದ ಮೇ ತಿಂಗಳಲ್ಲಿ ಉಳಿಯುವ ಬದಲು ಒಂಬೈನೂರು ಕೈಬಿಟ್ಟಿತ್ತು. ಜುಲೈ ಕೊನೆಗೆ ಎಲ್ಲ ಸೇರಿ ಹತ್ತೊಂಬತ್ತು ಸಾವಿರದ ಆರುನೂರು. ಮೊದಲ ಕಂತಿಗೇ ಹತ್ತು ಸಾವಿರದ ನಾಲ್ಕು ನೂರು ಕಡಿಮೆ, ಜನವರಿಯದಕ್ಕೆ ಹದಿನೆಂಟು ಸಾವಿರ.

ಆಗ ನಾನು ಮಾಡಬಾರದ ಒಂದು ಕೆಲಸಕ್ಕೆ ಕೈಹಾಕಿದೆ. "ಬತ್ತ ಏಳು ಸಾವಿರದ ಬದಲು ಒಂಬತ್ತು ಅಂತ ಹಾಕಿ ನೋಡು. ಟ್ರಿಪ್ ಜಾಸ್ತಿ ಆಗಬಹುದಲ್ಲ," ಎಂದೆ. ಹೇಗಾದರೂ ಆ ಮೊತ್ತ ಮೇಲೇರಲಿ ಎನ್ನುವ ಆಸೆ ನನಗೇ ಹುಟ್ಟಿಬಿಟ್ಟಿತ್ತು.

ಅವಳು ನನ್ನನ್ನೇ ನೋಡಿದಳು. "ಮಳಿ ಹತ್ತಿದ್ರ ಟ್ರಿಪ್ ಕಮ್ಮಿ ಆಗ್ತಾವ್ರಿ ಮೇಡಂ, ಜಾಸ್ತಿ ಅಲ್ಲ. ಏಳು ಹಾಕಿದ್ದ ಭಾಳ ಆತು." ಹಾಳೆಯನ್ನು ತನ್ನ ಕಡೆ ಎಳೆದುಕೊಂಡು, "ಇನ್ನೊಂದು ಸಲ ಸುಳ್ಳ ಹಾಳಿ ಬ್ಯಾಡ್ರಿ ನಮ್ಮಪ್ಪಗ," ಎಂದಳು. ಏಳು ಹಾಗೇ ಉಳಿಯಿತು.

ಕೊನೆಯ ದಿನ ಮನೆಯವರನ್ನೂ ಕರೆದಿದ್ದೆವು. ಹತ್ತು ಹನ್ನೆರಡು ಮಂದಿ ಬಂದು, ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಲಾಗದೆ ಕೂತಿದ್ದರು. ಯಾರೂ ಹಾಳೆಯನ್ನು ಎದ್ದುನಿಂತು ಓದಬಾರದು, ತಮ್ಮವರ ಪಕ್ಕ ಕೂತು ತೋರಿಸಬೇಕು ಎಂದು ನಾನು ನಿಯಮ ಮಾಡಿದ್ದೆ. ಒಂದು ಮನೆಯ ಲೆಕ್ಕ ಇನ್ನೊಂದು ಮನೆಗೆ ಕೇಳಬೇಕಾಗಿಲ್ಲ. ಹುಡುಗಿ ಅಪ್ಪ ಅವ್ವನ ನಡುವೆ ಕೂತಳು. ಅವಳೇ ಕರೆದಳೆಂದು ನಾನು ಹತ್ತಿರ ಹೋಗಿ ನಿಂತೆ.

ಅವಳು ಬೆರಳಿಟ್ಟು ಒಂದೊಂದೇ ಸಾಲು ಓದಿ ಹೇಳಿದಳು. ಪೂಜೆಯ ಸಾಲು ಬಂದಾಗ, "ಇದು ದುಡಿಯೋ ಖರ್ಚು. ಇದು ಬಿಡಂಗಿಲ್ಲ," ಎಂದಳು. ಅಪ್ಪ ತಲೆಯಾಡಿಸಿದ. ಕೊನೆಯ ಸಾಲಿಗೆ ಬಂದಾಗ ಅವಳ ದನಿ ಇಳಿಯಿತು. "ಈ ವರ್ಷ ಆಗೂದಿಲ್ಲಪ್ಪ. ಲೆಕ್ಕ ನಿಂದ ಖರೆ ಇತ್ತು. ನಾ ಒಂದು ವರ್ಷ ಎಲ್ಲಾರ ಕೆಲಸ ಮಾಡಿ, ಮುಂದಿನ ವರ್ಷ ಸೇರ್ತೀನಿ."

ಅಪ್ಪ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡ. ಮೇಲಿನ ಸಾಲಿನಿಂದ ನೋಡುತ್ತ ಬಂದ. ರೊಕ್ಕ ಎಲ್ಲೈತಿ ಎಂದು ತಾನು ಕೇಳಿದ್ದು ಸರಿಯೇ ಎಂದು ಮಗಳ ಕೈಬರಹದಲ್ಲೇ ಬರೆದಿತ್ತು. ಆತ ಅದರಿಂದ ನಿರಾಳವಾದಂತೆ ಕಾಣಲಿಲ್ಲ.

"ನನ್ನ ಪಗಾರ ಎಷ್ಟು ಬರದಿ?"

"ಹದಿನೆಂಟು."

"ಹತ್ತೊಂಬತ್ತು ಐತಿ."

ಅವ್ವ ತಲೆ ಎತ್ತಿ ಗಂಡನನ್ನು ನೋಡಿದಳು.

"ತಿಂಗಳಾ ಒಂದು ಸಾವಿರ ಮಾಲಕರ ಹತ್ರನ ಬಿಡ್ತಿದ್ದೆ. ಮೂರು ವರ್ಷದ ಮ್ಯಾಲಾತು. ನಲವತ್ತು ಸಾವಿರ ಆಗೈತಿ," ಎಂದ ಆತ, ಹಾಳೆಯಿಂದ ಕಣ್ಣು ತೆಗೆಯದೆ. "ಹಳೇ ಗಾಡಿ ಮಾರೂ ಮುಂದ ಮದ್ಲ ನನಗ ಕೇಳ್ತೀನಿ ಅಂದಿದ್ರು. ಮುಂಗಡ ಕೊಟ್ರ ನಂದ ಆಗ್ತಿತ್ತು. ಆಗೂ ತನಕ ಯಾರಿಗೂ ಹೇಳಬಾರ್ದು ಅಂತ ಇದ್ದೆ. ಬರಿ ಅದನ್ನ."

"ಮತ್ತ ಲಾರಿ?" ಎಂದಳು ಹುಡುಗಿ.

"ಲಾರಿ ಹೊಡ್ಯಾಕ ಲಾರಿ ಸ್ವಂತದ್ದ ಇರ್ಬೇಕಂತ ಎಲ್ಲೈತಿ? ಬರಿ."

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಹುಡುಗಿ ಹಾಳೆಯನ್ನು ಮತ್ತೆ ತನ್ನ ಕಡೆ ತಿರುಗಿಸಿಕೊಂಡು ಪೆನ್ನು ಹಿಡಿದಳು. ಆದಾಯದ ಕಡೆ ಇನ್ನೊಂದು ಸಾಲಿಗೆ ಜಾಗವಿತ್ತು. ಅಲ್ಲಿ ಬಾಬತ್ತು ಬರೆಯಬೇಕು: ಪಗಾರ, ಬತ್ತ, ಹೊಲಿಗೆ, ಹೀಗೆ. ಈ ಹಣಕ್ಕೆ 'ಹಳೆಯ ಉಳಿತಾಯ' ಎಂದು ಬರೆಯುವುದು ಸರಿಯಾದ ಕ್ರಮ. ಅವಳಿಗೆ ಅದು ಗೊತ್ತಿತ್ತು, ನಾನೇ ಕಲಿಸಿದ್ದೆ.

ಅವಳು 'ಅಪ್ಪನ ಲಾರಿ' ಎಂದು ಬರೆದು, ಎದುರಿಗೆ ನಲವತ್ತು ಸಾವಿರ ಹಾಕಿದಳು. ನಾನು ತಿದ್ದಲಿಲ್ಲ.